ಹಳೆಯ ವಿಂಡ್‌ಸರ್ಫಿಂಗ್ ಹಲಗೆಯೇ ಗಟ್ಟಿಮುಟ್ಟಾಗಿತ್ತೇ? ನೆನಪು ಹೇಳುವುದರಲ್ಲಿ ಎಷ್ಟು ನಿಜ?

ಕಳೆದ ಡಿಸೆಂಬರ್‌ನಲ್ಲಿ ನಮ್ಮ ತಂಡದ ಒಬ್ಬರ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಹಳೆಯ ಫೋಟೊ ಬಂತು. ಬಣ್ಣ ಮಾಸಿದ ಪ್ರಿಂಟು. ನೀಲಿ ನೀರು, ಕೆಂಪು-ಹಳದಿ ಪಟ್ಟೆಯ ಹಾಯಿ, ಅದನ್ನು ಹಿಡಿದು ಹಲಗೆಯ ಮೇಲೆ ನಿಂತ ತೆಳ್ಳನೆಯ ಯುವಕ. ಆ ಯುವಕ ಈಗ ಅರವತ್ತೈದು ದಾಟಿದ ಚಿಕ್ಕಪ್ಪ. 1980ರ ದಶಕದಲ್ಲಿ ಬಹರೈನ್‌ನಲ್ಲಿ ಕೆಲಸಕ್ಕಿದ್ದಾಗ ಶುಕ್ರವಾರದ ರಜೆಗಳಲ್ಲಿ ಕಲಿತ ಆಟ ಅದು.

ಫೋಟೊದ ಜೊತೆಗೇ ಒಂದು ಉದ್ದನೆಯ ಫಾರ್ವರ್ಡ್ ಕೂಡ ಇತ್ತು. ಅದರ ಸಾರಾಂಶ ಇಷ್ಟು: ವಿಂಡ್‌ಸರ್ಫಿಂಗನ್ನು ಕಂಡುಹಿಡಿದದ್ದು 12 ವರ್ಷದ ಒಬ್ಬ ಹುಡುಗ, ದೊಡ್ಡ ಕಂಪನಿ ಅದನ್ನು ಕದ್ದುಕೊಂಡಿತು. ಆಗಿನ ಸಲಕರಣೆ ಒಮ್ಮೆ ಕೊಂಡರೆ ಜೀವಮಾನವಿಡೀ ಬರುತ್ತಿತ್ತು. ಯಾರು ಬೇಕಾದರೂ ಆಡಬಹುದಿತ್ತು. ಈಗಿನದ್ದೆಲ್ಲ ಬರೀ ದುಡ್ಡಿನ ಆಟ.

ಇಲ್ಲಿಗೇ ಮುಗಿದಿದ್ದರೆ ನಾವು ಒಂದು ಹೃದಯದ ಇಮೋಜಿ ಹಾಕಿ ಸುಮ್ಮನಾಗುತ್ತಿದ್ದೆವು. ಆದರೆ ಕೆಳಗೆ ಚಿಕ್ಕಪ್ಪನ ಸ್ವಂತ ಸಾಲೊಂದಿತ್ತು. ಉಡುಪಿ ಕಡೆಯ ಸ್ನೇಹಿತರ ಮನೆಯ ಕೊಟ್ಟಿಗೆಯಲ್ಲಿ ಅದೇ ಕಾಲದ ಒಂದು ಪೂರ್ತಿ ಸೆಟ್ ಸಿಕ್ಕಿದೆ, ಕ್ರಿಸ್‌ಮಸ್ ರಜೆಗೆ ಬರುವ ಮೊಮ್ಮಕ್ಕಳನ್ನು ಅದರ ಮೇಲೆ ನಿಲ್ಲಿಸಿ ಕಡಲಿಗೆ ಇಳಿಸುತ್ತೇನೆ, ಎಂದು.

ಅಲ್ಲಿಗೆ ವಿಷಯ ಬರೀ ನೆನಪಿನದ್ದಾಗಿ ಉಳಿಯಲಿಲ್ಲ. ಹೀಗಾಗಿ ಆ ಫಾರ್ವರ್ಡಿನ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ನೋಡೋಣ ಎಂದುಕೊಂಡೆವು.

ಮೊದಲಿಗೆ, ಏನಿದು ವಿಂಡ್‌ಸರ್ಫಿಂಗ್?

ದೋಣಿಯಲ್ಲಿ ಹಾಯಿ ಕಟ್ಟುವ ಕಂಬ ನೆಟ್ಟಗೆ ನಿಂತಿರುತ್ತದೆ, ಅಲುಗಾಡುವುದಿಲ್ಲ. ದಿಕ್ಕು ತಿರುಗಿಸಲು ಹಿಂದೆ ಚುಕ್ಕಾಣಿ ಇರುತ್ತದೆ. ವಿಂಡ್‌ಸರ್ಫಿಂಗ್‌ನಲ್ಲಿ ಇವೆರಡೂ ಇಲ್ಲ. ಉದ್ದನೆಯ ಹಲಗೆಯ ನಡುವೆ ಒಂದು ಕೀಲು, ಆ ಕೀಲಿನ ಮೇಲೆ ಹಾಯಿಯ ಕಂಬ. ಇದನ್ನು ಯೂನಿವರ್ಸಲ್ ಜಾಯಿಂಟ್ ಎನ್ನುತ್ತಾರೆ. ಇದರಿಂದ ಕಂಬ ಯಾವ ಕಡೆಗಾದರೂ ವಾಲಬಹುದು, ತಿರುಗಬಹುದು. ಬಿಟ್ಟರೆ ಬೀಳುತ್ತದೆ. ಅದನ್ನು ಎತ್ತಿ ಹಿಡಿದುಕೊಳ್ಳುವುದು ಹಲಗೆಯ ಮೇಲೆ ನಿಂತ ಮನುಷ್ಯನ ಕೈ. ಹಾಯಿಯ ಎರಡೂ ಬದಿಗೆ ಬಾಗಿಕೊಂಡು ಬರುವ ಹಿಡಿಕೆಯೇ ಬೂಮ್.

ಹಾಗಾದರೆ ತಿರುಗಿಸುವುದು ಹೇಗೆ? ಹಾಯಿಯನ್ನು ಹಲಗೆಯ ಮುಂಭಾಗಕ್ಕೆ ವಾಲಿಸಿದರೆ ಗಾಳಿಯ ಒತ್ತಡ ಮುಂದಕ್ಕೆ ಸರಿಯುತ್ತದೆ, ಹಲಗೆಯ ಮೂತಿ ಗಾಳಿಯಿಂದ ಆಚೆಗೆ ತಿರುಗುತ್ತದೆ. ಹಿಂದಕ್ಕೆ ವಾಲಿಸಿದರೆ ಮೂತಿ ಗಾಳಿ ಬರುವ ಕಡೆಗೆ ತಿರುಗುತ್ತದೆ. ಅಂದರೆ ಇಲ್ಲಿ ಹಾಯಿಯೇ ಎಂಜಿನ್, ಹಾಯಿಯೇ ಚುಕ್ಕಾಣಿ. ಇಡೀ ಆಟ ನಿಂತಿರುವುದು ಆ ಒಂದು ಕೀಲಿನ ಮೇಲೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಹೇಳಿಕೆ 1: 12 ವರ್ಷದ ಹುಡುಗ ಕಂಡುಹಿಡಿದ, ಕಂಪನಿ ಕದ್ದಿತು

ಇದರಲ್ಲಿ ಹುಡುಗ ನಿಜ, ವಯಸ್ಸೂ ನಿಜ. ಕಳ್ಳತನದ ಮಾತಿಗೆ ಆಧಾರವಿಲ್ಲ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹೇಲಿಂಗ್ ದ್ವೀಪದಲ್ಲಿ 1958ರಲ್ಲಿ ಪೀಟರ್ ಚಿಲ್ವರ್ಸ್ ಎಂಬ ಹುಡುಗ ಒಂದು ಹಲಗೆಗೆ ಹಾಯಿ ಕಟ್ಟಿ ಆಡಿದ್ದ. ಆಗ ಅವನಿಗೆ 12 ವರ್ಷ. ಅವನು ಅದನ್ನು ಮಾರಲಿಲ್ಲ, ಪೇಟೆಂಟ್ ಕೇಳಲಿಲ್ಲ. ಅದು ಬೇಸಿಗೆ ರಜೆಯ ಆಟ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನ್ಯೂಮನ್ ಡಾರ್ಬಿ 1964ರಲ್ಲಿ ತಮ್ಮದೇ ರೀತಿಯ ಹಾಯಿಹಲಗೆ ಮಾಡಿದರು. ಹೆಂಡತಿ ನವೋಮಿ ಕೂಡ ಈ ಕೆಲಸದಲ್ಲಿ ಜೊತೆಗಿದ್ದರು. ಡಾರ್ಬಿಯ ಹಾಯಿ ಗಾಳಿಪಟದ ಆಕಾರದ್ದು, ಸವಾರ ಹಾಯಿಗೆ ಬೆನ್ನು ಕೊಟ್ಟು ನಿಲ್ಲಬೇಕಿತ್ತು. 1965ರ ಆಗಸ್ಟ್‌ನಲ್ಲಿ ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಯಲ್ಲಿ ಅದನ್ನು ಮಾಡುವ ವಿಧಾನವೇ ಪ್ರಕಟವಾಯಿತು. ಅವರೂ ಪೇಟೆಂಟ್ ಪಡೆಯಲಿಲ್ಲ.

ಮೂರನೆಯ ಕಥೆ ಕ್ಯಾಲಿಫೋರ್ನಿಯಾದ್ದು. ಜಿಮ್ ಡ್ರೇಕ್ ವಿಮಾನ ಕ್ಷೇತ್ರದ ಎಂಜಿನಿಯರ್, ಹೊಯ್ಲ್ ಶ್ವೈಟ್ಜರ್ ಕಡಲಲೆಗಳ ಮೇಲೆ ಸರ್ಫಿಂಗ್ ಮಾಡುತ್ತಿದ್ದ ಉದ್ಯಮಿ. ಇಬ್ಬರೂ ಸೇರಿ ಯೋಚಿಸಿದ ಹಲಗೆಯನ್ನು ಡ್ರೇಕ್ 1967ರ ಮೇ ತಿಂಗಳಲ್ಲಿ ನೀರಿಗಿಳಿಸಿದರು. 1968ರಲ್ಲಿ ಪೇಟೆಂಟ್‌ಗೆ ಅರ್ಜಿ, 1970ರ ಜನವರಿಯಲ್ಲಿ ಪೇಟೆಂಟ್ ಮಂಜೂರು. 1973ರಲ್ಲಿ ಡ್ರೇಕ್ ತಮ್ಮ ಪಾಲನ್ನು 36,000 ಡಾಲರ್‌ಗೆ ಶ್ವೈಟ್ಜರ್‌ಗೆ ಬಿಟ್ಟುಕೊಟ್ಟರು. ಮುಂದಿನ ಹತ್ತು ವರ್ಷಗಳಲ್ಲಿ ಈ ಆಟ ಯುರೋಪಿನಲ್ಲಿ ಹಬ್ಬಿದ ಪರಿ ನೋಡಿದರೆ ಅದು ತೀರಾ ಸಣ್ಣ ಮೊತ್ತ.

ಹಾಗಾದರೆ ಡ್ರೇಕ್, ಶ್ವೈಟ್ಜರ್ ಕದ್ದರೇ? ಇಂಗ್ಲೆಂಡಿನ ಹುಡುಗನ ರಜೆಯಾಟ ಅವರಿಗೆ ಗೊತ್ತಿತ್ತು ಎನ್ನಲು ಆಧಾರವಿಲ್ಲ. ಒಂದೇ ವಿಚಾರ ಬೇರೆ ಬೇರೆ ಕಡೆ ಬೇರೆ ಬೇರೆ ತಲೆಗಳಿಗೆ ಹೊಳೆಯುವುದು ವಿಜ್ಞಾನದ ಚರಿತ್ರೆಯಲ್ಲಿ ಹೊಸತೇನಲ್ಲ. ತಮಗಿಂತ ಮುಂಚೆ ಬೇರೆಯವರು ಇದನ್ನು ಮಾಡಿದ್ದರು ಎಂಬುದನ್ನು ಡ್ರೇಕ್ ಮುಂದೆ ಒಪ್ಪಿಕೊಂಡರು.

ಆದರೆ ಕದಿಯಲಿಲ್ಲ ಎಂದ ಮಾತ್ರಕ್ಕೆ ಪೇಟೆಂಟ್ ನಿಲ್ಲಬೇಕೆಂದೇನೂ ಇಲ್ಲ. ಬೇರೆಯವರು ಈಗಾಗಲೇ ಬಹಿರಂಗವಾಗಿ ಬಳಸಿದ್ದಕ್ಕೆ ಪೇಟೆಂಟ್ ಸಿಗಬಾರದು ಎನ್ನುವುದು ನಿಯಮ. ಬ್ರಿಟನ್ನಿನಲ್ಲಿ ಟಾಬರ್ ಮರೀನ್ ಎಂಬ ಕಂಪನಿಯ ಮೇಲೆ ಶ್ವೈಟ್ಜರ್ ಅವರ ಕಂಪನಿ ದಾವೆ ಹೂಡಿದಾಗ ಚಿಲ್ವರ್ಸ್ ಕಥೆ ನ್ಯಾಯಾಲಯಕ್ಕೆ ಬಂತು. ಹುಡುಗನ ಬೂಮ್ ನೇರವಾದ ಕಡ್ಡಿಗಳದ್ದು, ಪೇಟೆಂಟ್‌ನಲ್ಲಿ ಹೇಳಿದ್ದು ಬಾಗಿದ ಬೂಮ್. ಗಾಳಿ ತುಂಬಿದಾಗ ಆ ನೇರ ಕಡ್ಡಿಗಳೂ ಬಾಗುತ್ತಿದ್ದವು ಎಂಬ ಅಂಶವನ್ನು ನ್ಯಾಯಾಲಯ ಗಣನೆಗೆ ತೆಗೆದುಕೊಂಡಿತು. ಡಾರ್ಬಿ ಅವರ ಪತ್ರಿಕೆಯ ಲೇಖನವನ್ನೂ ನೋಡಿತು. ಮೇಲ್ಮನವಿ ನ್ಯಾಯಾಲಯ ಬ್ರಿಟನ್ನಿನ ಆ ಪೇಟೆಂಟ್ ಊರ್ಜಿತವಲ್ಲ ಎಂದಿತು. 1985ರ ಕಾನೂನು ವರದಿಯಲ್ಲಿರುವ ಈ ತೀರ್ಪಿನಿಂದ ‘ವಿಂಡ್‌ಸರ್ಫಿಂಗ್ ಪರೀಕ್ಷೆ’ ಎಂಬ ಮಾನದಂಡವೇ ಹುಟ್ಟಿತು. ಒಂದು ಆವಿಷ್ಕಾರ ನಿಜಕ್ಕೂ ಹೊಸ ಹೆಜ್ಜೆಯೇ, ಇಲ್ಲವೇ ಆ ಕ್ಷೇತ್ರ ಬಲ್ಲವರಿಗೆ ಸಹಜವಾಗಿ ಹೊಳೆಯುವಂಥದ್ದೇ ಎಂದು ಅಳೆಯಲು ಇದನ್ನು ಬಳಸುತ್ತಾರೆ. ಭಾರತದ ಪೇಟೆಂಟ್ ವ್ಯಾಜ್ಯಗಳಲ್ಲೂ ಇದರ ಪ್ರಸ್ತಾಪ ಬರುತ್ತದೆ.

ನಮ್ಮ ತೀರ್ಮಾನ: ಅರ್ಧ ಸತ್ಯ. ‘ಹುಡುಗ ಮತ್ತು ಕಳ್ಳ ಕಂಪನಿ’ ಎಂಬ ಕಥೆ ಫಾರ್ವರ್ಡ್ ಮಾಡಲು ಸಲೀಸು. ಆದರೆ ಅದರಲ್ಲಿ ಡಾರ್ಬಿ ದಂಪತಿ ಪೂರ್ತಿ ಮಾಯ, ಡ್ರೇಕ್ ಸುಮ್ಮನೆ ಕಳ್ಳ. ಡ್ರೇಕ್ 2012ರಲ್ಲಿ, ಡಾರ್ಬಿ 2016ರಲ್ಲಿ ತೀರಿಕೊಂಡರು. ಸತ್ತವರು ಬಂದು ತಿದ್ದಲಾರರು. ಅವರ ಪರವಾಗಿ ನಾವೇ ಸರಿಯಾಗಿ ಹೇಳಬೇಕು.

ಹೇಳಿಕೆ 2: ಆಗಿನ ಸಲಕರಣೆ ಜೀವಮಾನವಿಡೀ ಬರುತ್ತಿತ್ತು

ಮಾರುಕಟ್ಟೆಗೆ ಬಂದ ಮೊದಲ ‘ವಿಂಡ್‌ಸರ್ಫರ್’ ಹಲಗೆ 12 ಅಡಿ ಉದ್ದ, ತೂಕ ಸುಮಾರು 27 ಕೆ.ಜಿ. ಹೊರಕವಚ ಪಾಲಿಎಥಿಲೀನ್, ಅಂದರೆ ನಮ್ಮ ಮನೆಯ ನೀರಿನ ಡ್ರಮ್ಮಿನ ಜಾತಿಯ ಪ್ಲಾಸ್ಟಿಕ್. ಒಳಗೆ ಫೋಮ್. ಬೂಮ್ ತೇಗದ ಮರದ್ದು. ಕೆಳಗೆ ನೀರಿನೊಳಗೆ ಇಳಿಬಿಡುವ ಡ್ಯಾಗರ್‌ಬೋರ್ಡ್ ಎಂಬ ಪಟ್ಟಿಯೂ ಮರದ್ದೇ. ಕಂಬ ಫೈಬರ್‌ಗ್ಲಾಸ್. ಹಾಯಿ ಡ್ಯಾಕ್ರಾನ್ ಎಂಬ ಪಾಲಿಯೆಸ್ಟರ್ ಬಟ್ಟೆ. ಬೂಮನ್ನು ಕಂಬಕ್ಕೆ ಹಗ್ಗದಿಂದ ಬಿಗಿಯಬೇಕಿತ್ತು. ಆ ಗಂಟು ಸರಿಯಾಗಿ ಬೀಳದಿದ್ದರೆ ಅರ್ಧ ದಾರಿಯಲ್ಲಿ ಬೂಮ್ ಜಾರುತ್ತಿತ್ತು. ಚಿಕ್ಕಪ್ಪನ ಬೆರಳುಗಳಿಗೆ ಆ ಗಂಟು ಇವತ್ತಿಗೂ ನೆನಪಿದೆ, ಲುಂಗಿಯ ಅಂಚು ಹಿಡಿದು ತೋರಿಸಿದರು.

ಪಾಲಿಎಥಿಲೀನ್ ಹಲಗೆ ಪೆಟ್ಟು ತಡೆಯುತ್ತದೆ ಎನ್ನುವುದು ನಿಜ. ಬಂಡೆಗೆ ತಾಗಿದರೂ, ಕಾರಿನ ಮೇಲಿಂದ ಬಿದ್ದರೂ ಸಾಮಾನ್ಯವಾಗಿ ತಗ್ಗು ಬೀಳುತ್ತದೆ, ಒಡೆಯುವುದಿಲ್ಲ. ಇಂದಿನ ಹಗುರ ಹಲಗೆಗಳ ತೆಳು ಪದರಕ್ಕೆ ಅಷ್ಟು ಪೆಟ್ಟು ಬಿದ್ದರೆ ರಿಪೇರಿಗೆ ಹೋಗಬೇಕಾಗುತ್ತದೆ. ಇಷ್ಟರ ಮಟ್ಟಿಗೆ ಫಾರ್ವರ್ಡ್ ಹೇಳಿದ್ದು ಸರಿ.

ಆದರೆ ‘ಪೆಟ್ಟು ತಡೆಯುತ್ತದೆ’ ಬೇರೆ, ‘ಕಾಲ ತಡೆಯುತ್ತದೆ’ ಬೇರೆ. ಬಿಸಿಲಿನ ಅತಿನೇರಳೆ ಕಿರಣ ಪ್ಲಾಸ್ಟಿಕ್ಕನ್ನು ಪೆಡಸು ಮಾಡುತ್ತದೆ. ಅಂಗಳದಲ್ಲಿ ವರ್ಷಗಟ್ಟಲೆ ಬಿದ್ದ ಬಕೆಟ್ ಒಂದು ದಿನ ಹಿಡಿದರೆ ಪುಡಿಯಾಗುವುದನ್ನು ನೀವೂ ನೋಡಿರುತ್ತೀರಿ. ಪಾಲಿಯೆಸ್ಟರ್ ಬಟ್ಟೆಯೂ ಬಿಸಿಲಿಗೆ ಬಲ ಕಳೆದುಕೊಳ್ಳುತ್ತದೆ, ಮೊದಲು ಸೋಲುವುದು ಹೊಲಿಗೆಯ ದಾರ. ಉಪ್ಪು ನೀರಿಗೆ ಅಲ್ಯುಮಿನಿಯಂ ಕೊರೆಯುತ್ತದೆ. ಹಲಗೆಯಲ್ಲಿ ಸಣ್ಣ ಬಿರುಕಿದ್ದರೂ ಸಾಕು, ನೀರು ಒಳಗಿನ ಫೋಮ್ ಸೇರಿ ತೂಕ ಏರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ ರಬ್ಬರ್. ಗಾಳಿಯ ಆಮ್ಲಜನಕ, ಓಝೋನ್, ಬಿಸಿಲು ಮೂರೂ ಸೇರಿ ರಬ್ಬರನ್ನು ಗಡುಸು ಮಾಡಿ ಸೀಳುತ್ತವೆ. ಬಳಸದೆ ಇಟ್ಟರೂ ಇದು ನಿಲ್ಲುವುದಿಲ್ಲ. ಶೆಡ್ಡಿನಲ್ಲಿ ನಿಂತ ಸ್ಕೂಟರಿನ ಟೈರು ಓಡದೆಯೂ ಬಿರುಕು ಬಿಡುವುದಿಲ್ಲವೇ, ಹಾಗೆ. ಹಳೆಯ ಎಷ್ಟೋ ಸೆಟ್‌ಗಳಲ್ಲಿ ಆ ಕೀಲು ರಬ್ಬರಿನದ್ದು.

ಇನ್ನೊಂದು ಮಾತೂ ಇದೆ. ‘ಹಳೆಯದು ಗಟ್ಟಿ’ ಎನ್ನುವಾಗ ನಾವು ನೋಡುತ್ತಿರುವುದು ಉಳಿದ ವಸ್ತುವನ್ನು ಮಾತ್ರ. ಅಟ್ಟದ ಮೇಲಿನ ಅಜ್ಜಿಯ ಹಿತ್ತಾಳೆ ಹಂಡೆ ತೋರಿಸಿ ‘ಆಗಿನ ಪಾತ್ರೆ ನೋಡಿ’ ಎನ್ನುತ್ತೇವೆ. ತೂತು ಬಿದ್ದು ಗುಜರಿಗೆ ಹೋದ ಹತ್ತು ಪಾತ್ರೆ ಅಟ್ಟದ ಮೇಲೆ ಇಲ್ಲ, ಹಾಗಾಗಿ ಅವು ಲೆಕ್ಕಕ್ಕೂ ಇಲ್ಲ. ಇದನ್ನು ‘ಉಳಿದವರ ಪಕ್ಷಪಾತ’ ಎನ್ನಬಹುದು. ಮುರಿದ ಕಂಬಗಳು, ಹರಿದ ಹಾಯಿಗಳು 1985ರಲ್ಲೇ ಕಸಕ್ಕೆ ಹೋದವು. ಉಳಿದ ಒಂದು ಸೆಟ್ ಇಂದು ಇಡೀ ಕಾಲದ ಪ್ರತಿನಿಧಿಯಾಗಿ ನಿಂತಿದೆ.

ನಮ್ಮ ತೀರ್ಮಾನ: ಹಲಗೆಯ ಹೊರಕವಚದ ಮಟ್ಟಿಗೆ ಭಾಗಶಃ ನಿಜ. ಉಳಿದ ಭಾಗಗಳಿಗೆ ಸುಳ್ಳು.

ಹೇಳಿಕೆ 3: ಆಗ ಸುಲಭವಿತ್ತು, ಯಾರು ಬೇಕಾದರೂ ಆಡಬಹುದಿತ್ತು

ಈ ಮಾತು ಪರಿಶೀಲಿಸುವಾಗ ನಮಗೇ ಆಶ್ಚರ್ಯವಾಯಿತು. ಇದು ಒಂದು ರೀತಿಯಲ್ಲಿ ತಪ್ಪು, ಇನ್ನೊಂದು ರೀತಿಯಲ್ಲಿ ಸರಿ.

ತಪ್ಪು ಏಕೆಂದರೆ, ಹಳೆಯ ಹಾಯಿ ಹಿಡಿಯುವುದು ಭಾರೀ ಕಷ್ಟದ ಕೆಲಸ. ಕಲಿಯುವವರ ಮೊದಲ ಪಾಠವೇ ನೀರಿನಲ್ಲಿ ಮಲಗಿದ ಹಾಯಿಯನ್ನು ಹಗ್ಗ ಹಿಡಿದು ಎತ್ತುವುದು. ಹಾಯಿಯ ಮೇಲೆ ನೀರು ನಿಂತಿರುತ್ತದೆ. ಒಂದು ಚದರ ಮೀಟರ್ ಮೇಲೆ ಒಂದೇ ಒಂದು ಸೆಂಟಿಮೀಟರ್ ನೀರು ನಿಂತರೂ ಅದರ ತೂಕ 10 ಕೆ.ಜಿ. ಐದು ಚದರ ಮೀಟರ್ ಹಾಯಿಗೆ ಲೆಕ್ಕ ಹಾಕಿ, 50 ಕೆ.ಜಿ. ಅದಕ್ಕೇ ಒಮ್ಮೆಗೇ ಎಳೆಯದೆ ನೀರು ಜಾರಿಹೋಗುವಂತೆ ನಿಧಾನವಾಗಿ ಎತ್ತಲು ಹೇಳಿಕೊಡುತ್ತಾರೆ. ಒಂದು ಗಂಟೆಯಲ್ಲಿ ಇಪ್ಪತ್ತು ಸಲ ಬಿದ್ದರೆ ಇಪ್ಪತ್ತು ಸಲ ಎತ್ತಬೇಕು. ಸೊಂಟದ ಗತಿ ಏನು?

ಗಾಳಿ ಜೋರಾದರೆ ಇನ್ನೂ ಕಷ್ಟ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ಹಳೆಯ ಡ್ಯಾಕ್ರಾನ್ ಬಟ್ಟೆ ಆ ಬಲಕ್ಕೆ ಹಿಗ್ಗುತ್ತಿತ್ತು. ಹಿಗ್ಗಿದಾಗ ಹಾಯಿಯ ಹೊಟ್ಟೆ ಹಿಂದಕ್ಕೆ ಸರಿದು ಎಳೆತವೆಲ್ಲ ಹಿಂದಿನ ಕೈಗೆ ಬೀಳುತ್ತಿತ್ತು. ಸವಾರ ಹಾಯಿ ಬಿಡಬೇಕು, ಇಲ್ಲವೇ ಅದರ ಜೊತೆಗೇ ನೀರಿಗೆ ಹಾರಬೇಕು. 1980ರ ದಶಕದಲ್ಲಿ ಹಿಗ್ಗದ ಪಾರದರ್ಶಕ ಫಿಲ್ಮ್‌ಗಳು, ಹಾಯಿಯ ಅಗಲಕ್ಕೂ ಸೇರಿಸಿದ ಬಾಗುವ ಪಟ್ಟಿಗಳು ಬಂದ ಮೇಲೆ ಹಾಯಿ ತನ್ನ ಆಕಾರ ಉಳಿಸಿಕೊಳ್ಳಲು ಕಲಿಯಿತು. ಅದಕ್ಕೂ ಮೊದಲು 1970ರ ದಶಕದಲ್ಲೇ ಹವಾಯಿಯ ಆಟಗಾರರು ಕಾಲಿಗೆ ಪಟ್ಟಿ, ಸೊಂಟಕ್ಕೆ ಹಾರ್ನೆಸ್ ಕಟ್ಟಿಕೊಂಡು ಅಲೆಗಳ ಮೇಲೆ ಹಾರಲು ಶುರುಮಾಡಿದ್ದರು. ಹವಾಯಿಯ ರಾಬಿ ನೈಶ್ 1976ರಲ್ಲಿ ಬಹಾಮಾಸ್‌ನಲ್ಲಿ ವಿಶ್ವ ಚಾಂಪಿಯನ್ ಆದಾಗ ಅವರಿಗೆ ಬರೀ 13 ವರ್ಷ. 1986ರಲ್ಲಿ ಫ್ರಾನ್ಸಿನ ಪಾಸ್ಕಲ್ ಮಾಕಾ 38.86 ನಾಟ್, ಅಂದರೆ ಗಂಟೆಗೆ ಸುಮಾರು 72 ಕಿ.ಮೀ. ವೇಗದಲ್ಲಿ ಸಾಗಿ, ದೊಡ್ಡ ಹಾಯಿದೋಣಿಗಳ ವೇಗದ ದಾಖಲೆಯನ್ನೂ ಮುರಿದರು.

ಸರಿ ಏಕೆಂದರೆ, ಈ ಓಟದಲ್ಲೇ ಸಾಮಾನ್ಯರು ಹಿಂದೆ ಬಿದ್ದರು. ಹಳೆಯ 12 ಅಡಿ ಹಲಗೆ ನಿಧಾನವಾದರೂ ಮೆಲುಗಾಳಿಯಲ್ಲಿ ತೇಲಿಕೊಂಡು ಹೋಗುತ್ತಿತ್ತು. ಕೆರೆಯಲ್ಲೂ ಆಡಬಹುದಿತ್ತು, ಮಗುವನ್ನು ಮುಂದೆ ಕೂರಿಸಿಕೊಂಡೂ ಹೋಗಬಹುದಿತ್ತು. 1980ರ ದಶಕದ ಕೊನೆ, 90ರ ದಶಕದ ಹೊತ್ತಿಗೆ ಫ್ಯಾಶನ್ ಆದದ್ದು ಚಿಕ್ಕ, ಕಿರಿದಾದ ಹಲಗೆಗಳು. ಅವು ಜೋರು ಗಾಳಿಯಲ್ಲಿ ಮಾತ್ರ ಓಡುತ್ತವೆ, ನಿಂತರೆ ಸವಾರನ ಸಮೇತ ಮುಳುಗುತ್ತವೆ. ಕೆಲಸ ಮುಗಿಸಿ ಸಂಜೆ ಒಂದು ಗಂಟೆ ಬಿಡುವು ಮಾಡಿಕೊಂಡು ಬರುವವರಿಗೆ ಅಂಥ ಗಾಳಿ ದಿನಾ ಸಿಗುತ್ತದೆಯೇ? ಬಹಳ ಮಂದಿ ಆಟ ಬಿಟ್ಟರು. ಅಷ್ಟರಲ್ಲಿ ಗಾಳಿಪಟ ಕಟ್ಟಿಕೊಂಡು ಹೋಗುವ ಕೈಟ್‌ಸರ್ಫಿಂಗ್ ಬಂತು.

ಒಲಿಂಪಿಕ್ಸ್ ನೋಡಿದರೂ ಸಲಕರಣೆ ಬದಲಾದ ಪರಿ ತಿಳಿಯುತ್ತದೆ. 1984ರ ಲಾಸ್ ಏಂಜಲೀಸ್‌ನಲ್ಲಿ ವಿಂಡ್‌ಗ್ಲೈಡರ್ ಹಲಗೆ. 1988, 1992ರಲ್ಲಿ ಲೆಕ್ನರ್. 1996ರಿಂದ 2004ರವರೆಗೆ ಮಿಸ್ಟ್ರಲ್. 2008ರಿಂದ ಟೋಕಿಯೊವರೆಗೆ ಆರ್‌ಎಸ್‌ಎಕ್ಸ್. 2024ರ ಪ್ಯಾರಿಸ್ ಕ್ರೀಡಾಕೂಟದಲ್ಲಿ ನೀರಿನಿಂದ ಮೇಲೆದ್ದು ಹಾರುವ ಐಕ್ಯೂಫಾಯಿಲ್. 2012ರ ಮೇ ತಿಂಗಳಲ್ಲಿ ವಿಂಡ್‌ಸರ್ಫಿಂಗನ್ನೇ ಒಲಿಂಪಿಕ್ಸ್‌ನಿಂದ ಕೈಬಿಡಲು ನಿರ್ಧಾರವಾಗಿ, ಅದೇ ವರ್ಷ ನವೆಂಬರ್‌ನಲ್ಲಿ ಆ ನಿರ್ಧಾರ ವಾಪಸಾಯಿತು. ನಮ್ಮ ದೇಶದ ಎಬಾದ್ ಅಲಿ 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದದ್ದು ಆರ್‌ಎಸ್‌ಎಕ್ಸ್ ಹಲಗೆಯ ಮೇಲೆ. ಒಲಿಂಪಿಕ್ಸ್ ಅದನ್ನು ಬಿಟ್ಟು ಮುಂದೆ ಹೋಗಿಯಾಗಿತ್ತು. ಅಂದರೆ ಇಂದಿನ ಪದಕದ ಹಲಗೆ ನಾಳೆ ‘ಹಳೆಯ ಸಲಕರಣೆ’ ಆಗಲು ಬಹಳ ಕಾಲ ಬೇಡ.

ಸಂತೋಷದ ಸಂಗತಿ ಏನೆಂದರೆ, ಹಳೆಯದರ ನೆನಪೇ ಹೊಸ ಹಲಗೆಯೊಂದನ್ನು ಹುಟ್ಟಿಸಿದೆ. ಕಳೆದ ದಶಕದ ಕೊನೆಯಲ್ಲಿ ‘ವಿಂಡ್‌ಸರ್ಫರ್ ಎಲ್‌ಟಿ’ ಹೆಸರಿನ ಹಲಗೆ ಬಂತು. ಉದ್ದ ಅದೇ 12 ಅಡಿ, ನಡೆ ಅದೇ, ತೂಕ ಮಾತ್ರ ಬಹಳ ಕಡಿಮೆ. ಬಿಟ್ಟುಹೋದ ಹಳಬರು ಮಕ್ಕಳ ಜೊತೆ ಮತ್ತೆ ನೀರಿಗೆ ಇಳಿಯುತ್ತಿದ್ದಾರೆ.

ನಮ್ಮ ತೀರ್ಮಾನ: ಸಲಕರಣೆ ಸುಲಭವಿರಲಿಲ್ಲ, ಆದರೆ ಆಟದ ಬಾಗಿಲು ಅಗಲವಾಗಿತ್ತು. ಚಿಕ್ಕಪ್ಪನ ನೆನಪು ಇಲ್ಲಿ ಸುಳ್ಳು ಹೇಳುತ್ತಿಲ್ಲ.

ಹಾಗಾದರೆ ನೆನಪು ಎಲ್ಲವನ್ನೂ ಸಿಹಿ ಮಾಡುವುದೇಕೆ?

‘ನಾಸ್ಟಾಲ್ಜಿಯಾ’ ಎಂಬ ಪದ ಹುಟ್ಟಿದ್ದೇ ಒಂದು ಕಾಯಿಲೆಯ ಹೆಸರಾಗಿ. 1688ರಲ್ಲಿ ಸ್ವಿಟ್ಜರ್ಲೆಂಡಿನ ಯೊಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಊರು ಬಿಟ್ಟು ದೂರ ಇದ್ದವರ ಕೊರಗಿಗೆ ಈ ಹೆಸರಿಟ್ಟ. ಗ್ರೀಕ್‌ನಲ್ಲಿ ‘ಮನೆಗೆ ಮರಳುವುದು’ ಮತ್ತು ‘ನೋವು’ ಎಂಬ ಎರಡು ಪದಗಳ ಜೋಡಣೆ ಅದು. ಈಗ ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ಬ್ರಿಟನ್ನಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಟಿಮ್ ವೈಲ್ಡ್‌ಶುಟ್, ಕಾನ್‌ಸ್ಟಂಟೈನ್ ಸೆಡಿಕಿಡೀಸ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಒಂಟಿತನ ಕಾಡಿದಾಗ ಹಳೆಯ ನೆನಪು ಹೆಚ್ಚು ಬರುತ್ತದೆ, ಬಂದ ನೆನಪು ‘ನನ್ನವರು ಅಂತ ಇದ್ದಾರೆ’ ಎಂಬ ಭಾವವನ್ನೂ ಹೆಚ್ಚಿಸುತ್ತದೆ. ಅಂದರೆ ಅದು ಮನಸ್ಸು ತಾನೇ ಹಚ್ಚಿಕೊಳ್ಳುವ ಮುಲಾಮು.

ನೆನಪು ಲೆಕ್ಕಪತ್ರದಂತೆ ಕೆಲಸ ಮಾಡುವುದಿಲ್ಲ ಎನ್ನುವುದಕ್ಕೂ ಆಧಾರವಿದೆ. ಅಮೆರಿಕದ ಟೆರೆನ್ಸ್ ಮಿಚೆಲ್, ಲೀ ಥಾಂಪ್ಸನ್ ಮುಂತಾದವರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ರವಾಸ, ಹಬ್ಬದ ರಜೆ, ಮೂರು ವಾರದ ಸೈಕಲ್ ಯಾತ್ರೆಗೆ ಹೋದವರನ್ನು ಮೊದಲು, ನಡುವೆ, ಆಮೇಲೆ ಕೇಳಿದರು. ಯಾತ್ರೆಯ ನಡುವೆ ಹೇಳಿದ್ದಕ್ಕಿಂತ ಆಮೇಲೆ ನೆನಪಿಸಿಕೊಂಡದ್ದು ಹೆಚ್ಚು ಸಿಹಿಯಾಗಿತ್ತು. ಮಳೆ, ಸುಸ್ತು, ಕಿರಿಕಿರಿ ಕರಗಿ ಹೋಗಿತ್ತು. ಇದರ ಜೊತೆಗೆ, ಹದಿಹರೆಯದಿಂದ ಮೂವತ್ತರ ಒಳಗಿನ ನೆನಪುಗಳೇ ಇಳಿವಯಸ್ಸಿನಲ್ಲಿ ಅತಿ ಹೆಚ್ಚು ಬರುತ್ತವೆ ಎನ್ನುವುದೂ ಮನೋವಿಜ್ಞಾನದಲ್ಲಿ ಹಲವು ಸಲ ಕಂಡುಬಂದ ಸಂಗತಿ.

ಈಗ ಚಿಕ್ಕಪ್ಪನ ಫೋಟೊಗೆ ಬನ್ನಿ. ವಯಸ್ಸು ಇಪ್ಪತ್ತೈದು. ಮನೆಗೆ ಹಣ ಕಳಿಸುವ ವಾರದ ದುಡಿಮೆಯ ನಡುವೆ ತನ್ನದೇ ಆದ ಒಂದು ದಿನ. ಜೊತೆಗಿದ್ದ ಗೆಳೆಯರಲ್ಲಿ ಇಬ್ಬರು ಈಗಿಲ್ಲ. ಮಕ್ಕಳು ಹೊರದೇಶದಲ್ಲಿ. ‘ಆಗಿನ ಹಲಗೆ ಗಟ್ಟಿ’ ಎಂದು ಅವರು ಬರೆದಾಗ ಹಲಗೆಯ ಬಗ್ಗೆ ಮಾತ್ರ ಹೇಳುತ್ತಿದ್ದರೇ? ನಮಗಂತೂ ಹಾಗನಿಸಲಿಲ್ಲ. ಇಂಥ ಮಾತಿಗೆ ‘ಸುಳ್ಳು’ ಎಂದು ಕೆಂಪು ಮುದ್ರೆ ಒತ್ತಿ ಕಳಿಸುವುದು ಸತ್ಯಶೋಧನೆ ಆಗಲಾರದು, ಒರಟುತನವಾಗುತ್ತದೆ.

ಆದರೆ ಮೊಮ್ಮಕ್ಕಳನ್ನು ನೀರಿಗೆ ಇಳಿಸುವ ಪ್ರಶ್ನೆ ಬೇರೆ. ಅಲ್ಲಿ ಭಾವನೆಗೆ ರಿಯಾಯಿತಿ ಇಲ್ಲ.

ಹೇಳಿಕೆ 4: ಹಳೆಯ ಸೆಟ್ ಹಾಗೇ ಬಳಸಬಹುದು

ರಜೆಗೆ ಎರಡು ದಿನ ಮುಂಚೆ ನಮ್ಮ ತಂಡದವರು ಚಿಕ್ಕಪ್ಪನ ಜೊತೆ ಆ ಕೊಟ್ಟಿಗೆಗೆ ಹೋದರು. ಹಲಗೆ ನೋಡಲು ಚೆನ್ನಾಗಿಯೇ ಇತ್ತು. ಕಂಬವನ್ನು ಕೀಲಿಗೆ ಸಿಕ್ಕಿಸಿ, ನೆಲದ ಮೇಲೇ ಒಂದು ಬದಿಗೆ ಪೂರ್ತಿ ವಾಲಿಸಿ ನೋಡಿದರು. ಮೂರನೆಯ ಸಲಕ್ಕೆ ರಬ್ಬರ್ ಕೀಲು ಅರ್ಧಕ್ಕೆ ಸೀಳಿತು. ಚಿಕ್ಕಪ್ಪ ಸೀಳಿದ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಏನೂ ಮಾತಾಡದೆ ಜಗಲಿಯ ಮೇಲೆ ಕೂತರು.

ಅದೇ ಕೀಲು ದಡದಿಂದ ಅರ್ಧ ಕಿಲೋಮೀಟರ್ ಆಚೆ ಸೀಳಿದ್ದರೆ? ಹಾಯಿ ಒಂದು ಕಡೆ, ಹಲಗೆ ಒಂದು ಕಡೆ. ಎಂಜಿನ್ನೂ ಹೋಯಿತು, ಚುಕ್ಕಾಣಿಯೂ ಹೋಯಿತು.

ಇದಕ್ಕೆ ನಮ್ಮ ಕರಾವಳಿಯ ಇನ್ನೊಂದು ಸಂಗತಿ ಸೇರಿಸಿಕೊಳ್ಳಿ. ಚಳಿಗಾಲದ ಬೆಳಗ್ಗೆ ಗಾಳಿ ನೆಲದಿಂದ ಕಡಲಿನ ಕಡೆಗೆ ಬೀಸುತ್ತದೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲದ ಕಡೆಗೆ. ಬೆಳಗಿನ ನೆಲಗಾಳಿಯಲ್ಲಿ ದಡದ ಹತ್ತಿರ ನೀರು ಕನ್ನಡಿಯ ಹಾಗೆ ಕಾಣುತ್ತದೆ. ‘ಎಷ್ಟು ಶಾಂತ ನೋಡಿ, ಮಕ್ಕಳಿಗೆ ಇದೇ ಸರಿ’ ಎನಿಸುತ್ತದೆ. ವಾಸ್ತವದಲ್ಲಿ ಹೊಸಬರಿಗೆ ಅತಿ ಅಪಾಯದ ಗಾಳಿ ಅದೇ, ಏಕೆಂದರೆ ಅದು ತಳ್ಳುವುದು ದಡದಿಂದ ಆಚೆಗೆ. ತೆಂಗಿನ ತೋಟದ ಮರೆ ದಾಟುತ್ತಿದ್ದಂತೆ ಅದು ಜೋರಾಗುತ್ತದೆ. ನೀರು ಶಾಂತವಾಗಿದ್ದರೆ ಸುರಕ್ಷಿತ ಎಂಬ ನಂಬಿಕೆ ತಪ್ಪು.

ಹಳೆಯ ಸೆಟ್ ಬಳಸುವ ಮುನ್ನ ಏನು ನೋಡಬೇಕು?

• ರಬ್ಬರ್ ಕೀಲು: ಎಲ್ಲ ಬದಿಗೂ ಪೂರ್ತಿ ಬಗ್ಗಿಸಿ ನೋಡಿ. ಕೂದಲೆಳೆಯಷ್ಟು ಬಿರುಕಿದ್ದರೂ ಹೊಸದು ಹಾಕಿಸಿ. ಎಷ್ಟು ವರ್ಷದ್ದೆಂದು ಗೊತ್ತಿಲ್ಲದಿದ್ದರೆ ಬದಲಿಸುವುದೇ ಸರಿ.
• ಹಗ್ಗಗಳು: ಎಲ್ಲವನ್ನೂ ಬದಲಿಸಿ. ಇದು ಅತಿ ಕಡಿಮೆ ಖರ್ಚಿನ ಸುರಕ್ಷತೆ.
• ಹಲಗೆ: ಹಿಡಿದೆತ್ತಿ ಅಲುಗಾಡಿಸಿ. ಒಳಗೆ ನೀರಿನ ಸದ್ದು ಬಂದರೆ, ವಿಪರೀತ ಭಾರ ಎನಿಸಿದರೆ ನೀರಿಗೆ ಇಳಿಸಬೇಡಿ.
• ಕಂಬ ಮತ್ತು ಬೂಮ್: ಅಲ್ಯುಮಿನಿಯಂ ಮೇಲೆ ಬಿಳಿ ಪುಡಿ, ಗುಳಿ ಇದೆಯೇ ನೋಡಿ. ಫೈಬರ್ ಕಂಬದಲ್ಲಿ ಉದ್ದುದ್ದ ಸೀಳಿದೆಯೇ ನೋಡಿ.
• ಲೈಫ್ ಜಾಕೆಟ್: ಹಲಗೆಯ ಜೊತೆ ಸಿಕ್ಕ ಹಳೆಯ ಜಾಕೆಟ್ ನಂಬಬೇಡಿ. ಒಳಗಿನ ಫೋಮ್ ಕುಗ್ಗಿದ್ದರೆ ತೇಲಿಸುವ ಶಕ್ತಿಯೂ ಕುಗ್ಗಿರುತ್ತದೆ. ಹೊಸದನ್ನೇ ತನ್ನಿ.
• ಗಾಳಿ: ಒಂದು ಹಿಡಿ ಒಣ ಮರಳು ಬಿಟ್ಟು ನೋಡಿ. ಅದು ಕಡಲಿನ ಕಡೆಗೆ ಹಾರಿದರೆ ಆ ದಿನ ಬೇಡ. ಮಳೆಗಾಲದಲ್ಲಿ ಕಡಲಿನ ಯೋಚನೆಯೇ ಬೇಡ.
• ಒಬ್ಬರೇ ಹೋಗಬೇಡಿ. ಕಲಿಸುವವರು ಮತ್ತು ದಡದಲ್ಲಿ ನೋಡುತ್ತಿರುವವರು ಇಬ್ಬರೂ ಇರಲಿ.

ನೀರಿನಲ್ಲಿ ತೊಂದರೆಯಾದರೆ ಒಂದೇ ಮಾತು ನೆನಪಿಡಿ, ಹಲಗೆ ಬಿಡಬೇಡಿ. ದಡ ಹತ್ತಿರ ಕಂಡಿತು ಎಂದು ಈಜಲು ಹೊರಡುವುದೇ ದೊಡ್ಡ ತಪ್ಪು. ಹಲಗೆ ನಿಮ್ಮನ್ನು ತೇಲಿಸುತ್ತದೆ, ಹುಡುಕುವವರಿಗೆ ನಿಮ್ಮ ತಲೆಗಿಂತ ಅದು ಬೇಗ ಕಾಣುತ್ತದೆ. ಹಾಯಿ ಸುತ್ತಿ ಹಲಗೆಯ ಮೇಲಿಟ್ಟು, ಬೋರಲು ಮಲಗಿ ಕೈಯಿಂದ ನೀರು ಹುಟ್ಟುಹಾಕುತ್ತಾ ಬರುವುದನ್ನು ಹಳೆಯ ಕಾಲದಿಂದಲೂ ಕಲಿಸುತ್ತಾರೆ. ಬರಲಾಗದಿದ್ದರೆ ಹಲಗೆಯ ಮೇಲೆ ಕೂತು ಎರಡೂ ಕೈ ಬದಿಗೆ ಚಾಚಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಇದು ಅಂತರರಾಷ್ಟ್ರೀಯ ಸಂಕಟದ ಸಂಕೇತ. ದಡದಲ್ಲಿರುವವರು 112ಕ್ಕೆ ಅಥವಾ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡಬಹುದು.

ಒಟ್ಟಾರೆ ಹೇಳುವುದಾದರೆ

ವಿಂಡ್‌ಸರ್ಫಿಂಗ್ ಒಬ್ಬರೇ ಕಂಡುಹಿಡಿದದ್ದಲ್ಲ, ಯಾರಿಂದಲೋ ಕದ್ದದ್ದೂ ಅಲ್ಲ. ಹಳೆಯ ಹಲಗೆ ಪೆಟ್ಟು ತಡೆಯುತ್ತಿತ್ತು, ಕಾಲವನ್ನು ತಡೆಯಲಿಲ್ಲ. ಆಗ ಆಟ ಸುಲಭವಿರಲಿಲ್ಲ, ಆದರೆ ಹೆಚ್ಚು ಜನರಿಗೆ ಜಾಗವಿತ್ತು. ಹಳೆಯ ಸೆಟ್ ಪರಿಶೀಲಿಸದೆ ಬಳಸುವುದು ಅಪಾಯ.

ಮುಂದಿನ ಸಲ ‘ಹಿಂದಿನ ಕಾಲದ್ದೇ ಗಟ್ಟಿ’ ಎಂಬ ಫಾರ್ವರ್ಡ್ ಬಂದಾಗ ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ನೆನಪೋ, ಸಲಹೆಯೋ? ನೆನಪಾದರೆ ಫೋನ್ ಮಾಡಿ ಪೂರ್ತಿ ಕಥೆ ಕೇಳಿ, ಅದಕ್ಕಿಂತ ಒಳ್ಳೆಯ ಉತ್ತರ ಇಲ್ಲ. ಹಳೆಯ ಕುಕ್ಕರ್, ಹಳೆಯ ಹೆಲ್ಮೆಟ್, ಹಳೆಯ ಗ್ಯಾಸ್ ಪೈಪ್, ಹಳೆಯ ಹಲಗೆ ಹಾಗೇ ಬಳಸಿ ಎನ್ನುವ ಸಲಹೆಯಾದರೆ, ಮುಂದಕ್ಕೆ ಕಳಿಸುವ ಮೊದಲು ರಬ್ಬರ್ ಬಗ್ಗಿಸಿ ನೋಡಿ.

ಚಿಕ್ಕಪ್ಪನ ಮೊಮ್ಮಕ್ಕಳು ಆ ರಜೆಯಲ್ಲಿ ಕಡಲಿಗೆ ಇಳಿಯಲಿಲ್ಲ. ಅಂಗಳದ ಮರಳಿನ ಮೇಲೆ ಹಲಗೆ ಇಟ್ಟು, ಅದರ ಮೇಲೆ ನಿಂತು, ತಾತ ಹಿಡಿದುಕೊಂಡ ಕಂಬದಲ್ಲಿ ಕೆಂಪು-ಹಳದಿ ಹಾಯಿಗೆ ಸಂಜೆಯ ಗಾಳಿ ತುಂಬಿಸಿಕೊಂಡರು. ಬೂಮ್ ಕಟ್ಟುವ ಗಂಟನ್ನು ದೊಡ್ಡ ಮೊಮ್ಮಗಳು ಎರಡೇ ಸಲಕ್ಕೆ ಕಲಿತಳಂತೆ. ಹೊಸ ಕೀಲು ಹುಡುಕುವ ಕೆಲಸ ಈಗ ಗ್ರೂಪಿನಲ್ಲಿ ನಡೆಯುತ್ತಿದೆ.